ಬಾಸ್ ಗಿಟಾರಿಗೆ ಮಂಚದ ಬೀಟಿ

ಗಿಟಾರಿನ ಫ್ರೆಟ್‌ಬೋರ್ಡಿಗೆ ಯಾವ ಮರ ಒಳ್ಳೆಯದು ಎಂದು ಕೇಳಿಕೊಂಡು ನನ್ನ ಅಂಗಡಿಗೆ ಬರುವವರಿಗೆ ಮೊದಲು ಕೂರಲು ಹೇಳುತ್ತೇನೆ. ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಅವರು ಹೇಳಿ ಮುಗಿಸಬೇಕಲ್ಲ, ಅದಕ್ಕೆ ಹೊತ್ತು ಹಿಡಿಯುತ್ತದೆ. ಮೇಪಲ್ ಆದರೆ ಸ್ವರ ಚುರುಕು, ಬೀಟಿಯಾದರೆ ಮೃದು, ಕರಿಮರವಾದರೆ ಸ್ಪಷ್ಟ ಎಂದು ಊಟದ ರುಚಿ ವರ್ಣಿಸುವವರ ಹಾಗೆ ಹೇಳುತ್ತಾ ಹೋಗುತ್ತಾರೆ. ನಾನು ಹೂಂಗುಟ್ಟುತ್ತೇನೆ. ಎಲ್ಲ ಮುಗಿದ ಮೇಲೆ, "ತಂತಿ ಬದಲಾಯಿಸಿ ಎಷ್ಟು ಸಮಯ ಆಯ್ತು?" ಎಂದು ಕೇಳುತ್ತೇನೆ. ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಮರದ ಚರ್ಚೆ ಅಲ್ಲಿಗೆ ನಿಲ್ಲುತ್ತದೆ.

ಪುತ್ತೂರಿನ ಬಸ್ ನಿಲ್ದಾಣದ ಹತ್ತಿರ, ಒಂದು ಹೊಲಿಗೆ ಅಂಗಡಿಯ ಮಹಡಿಯಲ್ಲಿ ನಾನು ವಾದ್ಯ ರಿಪೇರಿ ಮಾಡುತ್ತೇನೆ. ಹಾರ್ಮೋನಿಯಮ್ಮಿನ ತಿದಿ ಹೊಲಿಯುವುದು, ಗಿಟಾರಿನ ಕತ್ತು ನೇರ ಮಾಡುವುದು, ಕೀಬೋರ್ಡಿನೊಳಗೆ ಸೇರಿದ ಜಿರಳೆ ಓಡಿಸುವುದು, ಎಲ್ಲವೂ ಇಲ್ಲಿ ಆಗುತ್ತದೆ. ಮರದ ಬಗ್ಗೆ ನನಗಿದ್ದ ಉಡಾಫೆ ಸ್ವಲ್ಪ ಇಳಿದದ್ದು ಮರ್ಕಂಜದಿಂದ ಬಂದ ಒಂದು ಬಾಸ್ ಗಿಟಾರಿನಿಂದ. ಅದು ಬಂದದ್ದು ರಿಪೇರಿಗಲ್ಲ, ಮಾರಾಟಕ್ಕೆ.

ತಂದವನು ಆ ಊರಿನವನು, ಸುಳ್ಯದ ಒಂದು ಬೇಕರಿಯಲ್ಲಿ ಕೆಲಸ ಮಾಡುವವನು. ಸೀಸನ್ ಬಂತೆಂದರೆ ಸಂಜೆಯ ಮೇಲೆ ಒಂದು ರಸಮಂಜರಿ ತಂಡದಲ್ಲಿ ಬಾಸ್ ನುಡಿಸುತ್ತಾನೆ. ಮದುವೆಯ ಆರತಕ್ಷತೆ, ಶಾಲಾ ವಾರ್ಷಿಕೋತ್ಸವ, ಭಕ್ತಿಗೀತೆ, ಎಲ್ಲಕ್ಕೂ ಅದೇ ತಂಡ, ಅದೇ ವ್ಯಾನು. ಬಾಸ್ ಎಂದರೆ ನಾಲ್ಕು ದಪ್ಪ ತಂತಿಗಳ ಗಿಟಾರು. ಹಾಡು ಕೇಳುವಾಗ ಅದನ್ನು ಯಾರೂ ಗಮನಿಸುವುದಿಲ್ಲ, ಅದು ನಿಂತಾಗ ಮಾತ್ರ ಏನೋ ತಪ್ಪಿದ ಹಾಗೆ ಆಗುತ್ತದೆ.

"ಅಕ್ಕ, ಇದು ಮಾರ್ಲಿಕ್ಕೆ ಉಂಟು. ಯಾರಾದ್ರೂ ಕೇಳಿದ್ರೆ ಹೇಳಿ," ಎಂದ.

"ಯಾಕೆ, ಬೇರೆ ತಗೊಳ್ತೀಯಾ?"

ಅವನು ಎಡಗೈ ಚಾಚಿದ. ಬ್ರೆಡ್ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ತೋರುಬೆರಳು ಮತ್ತು ನಡುಬೆರಳ ತುದಿ ಸೀಳಿ ಹೋಗಿತ್ತು. ಹೊಲಿಗೆ ಹಾಕಿದ ಗಾಯ ಚೆನ್ನಾಗಿಯೇ ಕೂಡಿತ್ತು. ಬೆರಳು ಮಡಚಲು ಬರುತ್ತಿತ್ತು, ಶಕ್ತಿಯೂ ಇತ್ತು. ಆದರೆ ಫ್ರೆಟ್ಟಿನ ಮೇಲೆ ಒತ್ತಿದರೆ ಸೂಜಿ ಚುಚ್ಚಿದ ಹಾಗೆ ಆಗುತ್ತದಂತೆ. ನರ ಸರಿಯಾಗಲು ಸಮಯ ಬೇಕು, ಎಷ್ಟು ಸಮಯ ಎಂದು ಹೇಳಲಾಗದು ಎಂದಿದ್ದರಂತೆ ಡಾಕ್ಟರು.

"ಮಾರುದಾದ್ರೆ ಮಾರುವ. ಮೊದಲು ಒಮ್ಮೆ ನುಡಿಸಿ ತೋರಿಸು ಮಾರಾಯ, ಕೊಳ್ಳುವವರಿಗೆ ನಾನು ಎಂತ ಹೇಳುದು?" ಎಂದೆ. ಅದು ನೆಪ. ಅವನ ಕೈ ಎಲ್ಲಿ ಹಿಂಜರಿಯುತ್ತದೆ ಎಂದು ನೋಡುವುದಿತ್ತು.

ಗಿಟಾರಿನ ಕತ್ತಿನ ಮುಖಕ್ಕೆ ಅಂಟಿಸಿದ ಮರದ ಪಟ್ಟಿಯೇ ಫ್ರೆಟ್‌ಬೋರ್ಡು. ಅದಕ್ಕೆ ಅಡ್ಡಲಾಗಿ ಕೂರಿಸಿದ ಲೋಹದ ಸಣ್ಣ ಏಣುಗಳು ಫ್ರೆಟ್ಟು. ಬೆರಳು ತಂತಿಯನ್ನು ಒತ್ತಿದಾಗ ತಂತಿ ಆ ಏಣಿಗೆ ತಾಗಿ ಸ್ವರ ನಿಲ್ಲುತ್ತದೆ. ಅವನು ನುಡಿಸುತ್ತಿದ್ದಂತೆ ನೋಡಿದೆ. ಬೆರಳು ಏಣಿನ ಹತ್ತಿರ ಹೋದಾಗಲೆಲ್ಲ ಮುಖ ಕಿವುಚುತ್ತಿತ್ತು. ಬಾಸ್ ಕೆಳಗಿಡಿಸಿ, ಆ ಬೆರಳನ್ನು ಮೇಜಿನ ಹಲಗೆಯ ಮೇಲೆ ಒತ್ತಲು ಹೇಳಿದೆ. ನೋವಿಲ್ಲ. ಇನ್ನೂ ಜೋರಾಗಿ ಒತ್ತಲು ಹೇಳಿದೆ. ನೋವಿಲ್ಲ. ಒಂದು ನಾಣ್ಯದ ಅಂಚಿನ ಮೇಲೆ ಒತ್ತಿಸಿದೆ. "ಅಯ್ಯೋ!" ಎಂದು ಕೈ ಎಳೆದುಕೊಂಡ.

ಅಲ್ಲಿಗೆ ನನಗೆ ಬೇಕಾದದ್ದು ಸಿಕ್ಕಿತು. ಅವನಿಗೆ ನೋವು ಕೊಡುತ್ತಿದ್ದದ್ದು ತಂತಿಯಲ್ಲ, ಅದರಡಿಯ ಏಣು. ಏಣು ಇಲ್ಲದ ಬಾಸ್ ಇದೆಯಲ್ಲ! ಅದರಲ್ಲಿ ತಂತಿ ನೇರವಾಗಿ ಮರಕ್ಕೇ ತಾಗುತ್ತದೆ. ತಂತಿಯನ್ನು ಮರಕ್ಕೆ ತೀರ ಹತ್ತಿರ ಇಳಿಸಬಹುದು, ಒತ್ತುವ ಬಲವೂ ಕಡಿಮೆ ಸಾಕು. ಆದರೆ ಸ್ವರ ಎಲ್ಲಿದೆ ಎಂದು ತೋರಿಸುವ ಗೆರೆ ಇಲ್ಲ. ಬೆರಳು ಕೂದಲೆಳೆಯಷ್ಟು ಆಚೀಚೆ ಆದರೂ ಅಪಸ್ವರ.

"ನನ್ನಿಂದ ಆಗ್ಲಿಕ್ಕುಂಟಾ ಅಕ್ಕ?"

"ಗೊತ್ತಿಲ್ಲ. ಮಾರಿದ್ರೆ ಖಂಡಿತ ಆಗ್ಲಿಕ್ಕಿಲ್ಲ, ಅಷ್ಟು ಗೊತ್ತುಂಟು."

ಅವನು ಅಲ್ಲೇ ಕೂತು ತಂಡದ ಯಜಮಾನಿಗೆ ಫೋನು ಮಾಡಿದ. ಆಕೆ ಗಾಯಕಿ, ಸುಳ್ಯದವರು, ನೇರ ಮಾತಿನ ಹೆಂಗಸು. ಫೋನಿನಲ್ಲಿ ಅವರ ಧ್ವನಿ ನನಗೂ ಕೇಳುತ್ತಿತ್ತು. "ನೋಡು, ಬಾಸಿನ ಭಾಗವನ್ನು ಕೀಬೋರ್ಡಿನವರು ಎಡಗೈಯಲ್ಲಿ ಬಾರಿಸ್ತೇನೆ ಅಂತ ಹೇಳ್ತಾ ಇದ್ದಾರೆ. ವ್ಯಾನಲ್ಲಿ ಒಂದು ಸೀಟು ಉಳಿತದೆ. ಆದ್ರೂ ನಿನ್ನ ಜಾಗ ನಾನು ಇಟ್ಟಿದ್ದೇನೆ. ಸೀಸನ್ನಿನ ಮೊದಲ ಕಾರ್ಯಕ್ರಮ ಬೆಳ್ಳಾರೆಯ ಶಾಲೆದು. ಅಲ್ಲಿಗೆ ಬಂದು ನುಡಿಸು. ಆಗದಿದ್ರೆ ಮತ್ತೆ ನನ್ನ ಮೇಲೆ ಬೇಜಾರು ಮಾಡ್ಬೇಡ."

ಆಗ ಮಳೆಗಾಲ ಶುರುವಾಗಿತ್ತಷ್ಟೆ. ಶಾಲೆಯ ವಾರ್ಷಿಕೋತ್ಸವ ಡಿಸೆಂಬರಿನಲ್ಲಿ. ಬೇಕಾದಷ್ಟು ಸಮಯವಿದೆ ಎಂದುಕೊಂಡೆ.

ಮೊದಲ ಪೆಟ್ಟು ಕೆಲಸ ಶುರು ಮಾಡಿದ ದಿನವೇ ಬಿತ್ತು. ಸುಲಭದ ದಾರಿ ಎಂದರೆ ಫ್ರೆಟ್ಟುಗಳನ್ನು ಕಿತ್ತು, ಆ ಸೀಳುಗಳಿಗೆ ಮರದ ತೆಳು ಪಟ್ಟಿ ತುಂಬಿ, ಉಜ್ಜಿ ಸಮ ಮಾಡುವುದು. ಬಿಸಿ ಮಾಡಿದ ಬೆಸುಗೆ ಕಡ್ಡಿಯನ್ನು ಲೋಹಕ್ಕೆ ತಾಗಿಸಿ, ಚಿಮ್ಮಟದಿಂದ ಮೆಲ್ಲ ಎಬ್ಬಿಸಿದೆ. ಫ್ರೆಟ್ಟಿನ ಜೊತೆ ಮರವೂ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಮೇಲೆ ಕರಿಮರದ ಹಾಗೆ ಹೊಳೆಯುತ್ತಿದ್ದ ಬೋರ್ಡಿನ ಒಳಗೆ ಬಿಳಿಚಿದ ಮೆತ್ತನೆಯ ಮರ. ಕಪ್ಪು ಬಣ್ಣ ಬಳಿದದ್ದು, ಅಷ್ಟೇ. ಫ್ರೆಟ್ಟು ಇರುವಷ್ಟು ದಿನ ಅದು ನಡೆಯುತ್ತದೆ. ತಂತಿ ನೇರವಾಗಿ ಅದರ ಮೇಲೆ ಉಜ್ಜಿದರೆ ಒಂದೇ ಸೀಸನ್ನಿನಲ್ಲಿ ಆಳವಾದ ಗೀರು ಬಿದ್ದು ಹೋಗುತ್ತದೆ. ಬೋರ್ಡನ್ನೇ ಬದಲಿಸದೆ ಬೇರೆ ದಾರಿ ಇರಲಿಲ್ಲ. ಇಸ್ತ್ರಿ ಪೆಟ್ಟಿಗೆ ಇಟ್ಟು ಅಂಟು ಬಿಸಿ ಮಾಡಿ, ತೆಳು ಚೂರಿ ತೂರಿಸುತ್ತಾ ಹಳೆಯ ಬೋರ್ಡನ್ನು ಪೂರ್ತಿ ಎಬ್ಬಿಸಿದೆ. ಕತ್ತು ಬಿಸಿಗೆ ಸ್ವಲ್ಪ ತಿರುಚಿಕೊಂಡಿತು. ಕ್ಲಾಂಪು ಹಾಕಿ, ನೇರವಾಗುವವರೆಗೆ ಅದನ್ನು ಮುಟ್ಟದೆ ಬಿಟ್ಟೆ.

ಈಗ ಯಾವ ಮರ ಎಂಬ ಪ್ರಶ್ನೆ ನನಗೇ ಬಂತು. ಗಿರಾಕಿಗಳನ್ನು ಗೇಲಿ ಮಾಡುತ್ತಿದ್ದವಳು ನಾನೇ ಈಗ ಕುರ್ಚಿಯಲ್ಲಿ ಕೂತು ಯೋಚಿಸಬೇಕಾಯಿತು. ಒಂದು ಉದ್ದ ಹಲಗೆಗೆ ಬಾಸಿನ ಒಂದೇ ತಂತಿ ಬಿಗಿದು, ಕೆಳಗೆ ತಂತಿಯ ಸದ್ದು ಹಿಡಿಯುವ ಪಿಕಪ್ ಒಂದು ಕೂರಿಸಿ, ಬೆರಳು ಒತ್ತುವ ಜಾಗದಲ್ಲಿ ಮರದ ತುಂಡುಗಳನ್ನು ಬದಲಾಯಿಸಿ ಇಡುವ ಹಾಗೆ ಮಾಡಿದೆ. ಹಲಸಿನದ್ದೊಂದು, ಕಳ್ಳಿಳಿಸುವ ಬೈನೆ ಮರದ ಗಟ್ಟಿ ಸೀಳೊಂದು, ಹಾಳಾದ ಹಾರ್ಮೋನಿಯಂ ಪೆಟ್ಟಿಗೆಯ ಬೀಟಿ ತುಂಡೊಂದು. ಬೇಕರಿಗೆ ರಜೆ ಇದ್ದ ದಿನ ಅವನನ್ನು ಕರೆಸಿ, ಗೋಡೆಗೆ ಮುಖ ಮಾಡಿಸಿ ಕೂರಿಸಿದೆ.

ಮೊದಲು ಪ್ರತಿಯೊಂದು ತುಂಡಿಗೂ ಫ್ರೆಟ್ಟು ಹಾಕಿ ನುಡಿಸಿದೆ. ಅವನಿಗೆ ವ್ಯತ್ಯಾಸ ತಿಳಿಯಲಿಲ್ಲ. ಗಾಯವಿಲ್ಲದ ಬೆರಳಿನಿಂದ ಅವನು ನುಡಿಸಿದಾಗ ನಾನು ಗೋಡೆಯ ಕಡೆ ತಿರುಗಿ ಕೂತೆ. ಹಲಸನ್ನು ಬೀಟಿ ಎಂದೆ, ಬೀಟಿಯನ್ನು ಹಲಸು ಎಂದೆ. ಅವನು ನಕ್ಕ. ಆ ಮಳೆಗಾಲದಲ್ಲಿ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಫ್ರೆಟ್ಟು ತೆಗೆದು ತಂತಿಯನ್ನು ನೇರವಾಗಿ ಮರಕ್ಕೆ ಒತ್ತಿದಾಗ ಕಥೆಯೇ ಬೇರೆಯಾಯಿತು. ಹಲಸಿನ ಮೇಲೆ ಸ್ವರ 'ಡುಮ್' ಎಂದು ಹುಟ್ಟಿ ಅಲ್ಲೇ ಸತ್ತಿತು. ಬೈನೆಯ ಮೇಲೆ ಸ್ವರ ಝೇಂಕರಿಸಿತು, ದೂರ ಹೋಯಿತು. ನನಗಂತೂ ಬಹಳ ಇಷ್ಟವಾಯಿತು. ಆದರೆ ಬೈನೆಯಲ್ಲಿ ಕಪ್ಪು ನಾರಿನ ನಡುವೆ ಮೆತ್ತನೆಯ ಪುಡಿ ಇರುತ್ತದೆ. ನಾಲ್ಕು ಸಲ ಬೆರಳು ಜಾರಿಸುವಷ್ಟರಲ್ಲಿ ನಾರು ಎದ್ದು ಸಿಬಿರಾಯಿತು. ಹೊಲಿಗೆ ಹಾಕಿದ ಬೆರಳಿಗೆ ಸಿಬಿರು ಬೇಡ. ಬೀಟಿಯ ಮೇಲೆ ಸ್ವರಕ್ಕೆ ದುಂಡಗಿನ ಮೈ ಇತ್ತು, ಬಾಲವೂ ಇತ್ತು.

"ಇದು ಕೈಗೆ ಎಣ್ಣೆ ಹಚ್ಚಿದ ಹಾಗೆ ಹೋಗ್ತದೆ ಅಕ್ಕ. ಇದೇ ಆಗ್ಬಹುದು," ಎಂದ.

ಆಗಬಹುದು, ಆದರೆ ಸಿಗಬೇಕಲ್ಲ. ಹಸಿ ಬೀಟಿ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕಡಿದರೂ ಒಣಗಲು ವರ್ಷಗಟ್ಟಲೆ ಕಾಯಬೇಕು. ಹಳೆಯ ಮರವೇ ಬೇಕಿತ್ತು, ಅದೂ ಎರಡೂವರೆ ಅಡಿ ಉದ್ದದ, ಗಂಟಿಲ್ಲದ ಒಂದೇ ತುಂಡು. ವಿಷಯ ಅವನ ಹೆಂಡತಿಯ ಬಾಯಿಂದ ಕಡಬದ ಹತ್ತಿರವಿರುವ ಅವಳ ತವರಿಗೆ ಹೋಯಿತು. ಕೆಲವೇ ದಿನಗಳಲ್ಲಿ ಅವನ ಮಾವ ಬಸ್ಸಿನಲ್ಲಿ ಒಂದು ಉದ್ದನೆಯ ಕಟ್ಟು ಹಿಡಿದುಕೊಂಡು ನನ್ನ ಮಹಡಿ ಹತ್ತಿ ಬಂದರು. ರಬ್ಬರ್ ಟ್ಯಾಪಿಂಗ್ ಮಾಡುವವರು, ಅರುವತ್ತು ದಾಟಿದವರು. ಒರಟು ಕೈ, ಮೆತ್ತನೆಯ ಮಾತು.

"ನೋಡಿ ಅಕ್ಕ, ಇದು ನಮ್ಮ ತಾಯಿಯ ಮಂಚದ ಪಕ್ಕದ ಪಟ್ಟಿ. ಕಾಲು ಮುರಿದ ಮೇಲೆ ರಬ್ಬರ್ ಶೀಟು ಒಣಗಿಸುವ ಹೊಗೆಮನೆಯ ಅಟ್ಟದಲ್ಲಿ ಇಟ್ಟಿದ್ದೆ. ನಿಮ್ಮ ಕೆಲಸಕ್ಕೆ ಆಗ್ತದಾ?"

ಬಟ್ಟೆ ಬಿಚ್ಚಿ ನೋಡಿದೆ. ಹೊಗೆ ಹಿಡಿದು ಮಸಿಯಾಗಿತ್ತು. ಮೂಲೆಯಲ್ಲಿ ಒಂದು ಸಲ ಕೀಸುಳಿ ಎಳೆದಾಗ ಒಳಗಿನಿಂದ ನೇರಳೆ ಬಣ್ಣದ ಗೆರೆಗಳು ಹೊರಬಂದವು. ಬೆರಳಿನ ಗಂಟಿನಿಂದ ತಟ್ಟಿದೆ, ಟಣ್ ಎಂದಿತು. ಮುರಿದ ಮಂಚದ್ದಾದರೂ ತಾಯಿಯ ಮಂಚವನ್ನು ಅಳಿಯನ ಗಿಟಾರಿಗೆ ಕೊಡುವವರು ಎಷ್ಟು ಜನ ಸಿಗುತ್ತಾರೆ? ಅವರಿಗೆ ಚಹಾ ತರಿಸಿದೆ.

ಬೆಳ್ಳಾರೆಯ ಮರದ ಮಿಲ್ಲಿನಲ್ಲಿ ನಾನೇ ನಿಂತು, ಗೆರೆಗಳು ನಿಂತ ಹಾಗೆ ಬರುವ ದಿಕ್ಕಿನಲ್ಲಿ ಸೀಳಿಸಿದೆ. ಹಾಗೆ ಸೀಳಿದರೆ ಮಳೆಗಾಲದಲ್ಲಿ ಮರ ಉಬ್ಬಿದರೂ ಡೊಂಕಾಗುವುದಿಲ್ಲ. ಬೀಟಿಯಲ್ಲಿ ಹುಟ್ಟಿನಿಂದಲೇ ಎಣ್ಣೆಯಂಶ ಇರುವುದರಿಂದ ಅಂಟಿಸುವ ಮುಖವನ್ನು ಸ್ಪಿರಿಟ್ಟಿನಿಂದ ಒರೆಸಿ, ತಡಮಾಡದೆ ಅಂಟು ಹಚ್ಚಿ, ಕತ್ತಿನ ಉದ್ದಕ್ಕೂ ಕ್ಲಾಂಪು ಬಿಗಿದೆ. ಅಂಟು ಪೂರ್ತಿ ಒಣಗಿದ ಮೇಲೆ ಮುಖವನ್ನು ನಡುವೆ ಸ್ವಲ್ಪ ಉಬ್ಬಿರುವಂತೆ ಉಜ್ಜಿದೆ. ಅಂಚಿನಲ್ಲಿ, ನುಡಿಸುವವನಿಗೆ ಮಾತ್ರ ಕಾಣುವಂತೆ, ಸ್ವರಸ್ಥಾನ ತೋರಿಸುವ ಬಿಳಿ ಚುಕ್ಕೆಗಳನ್ನು ಕೂರಿಸಿದೆ. ಮರ ಸವೆಯದಂತೆ ಮೈ ನುಣ್ಣಗಿರುವ ಚಪ್ಪಟೆ ಸುತ್ತಿನ ತಂತಿ ಹಾಕಿದೆ. ಬೋರ್ಡಿಗೆ ಪಾಲಿಷ್ ಮಾತ್ರ ಹಾಕಲಿಲ್ಲ. ಬರಿಯ ಮರವನ್ನು ಬೆರಳು ಮುಟ್ಟಬೇಕು ಎಂಬುದು ನನ್ನ ಹಟ.

ಅವನು ಬಂದು ನುಡಿಸಿದ. ಬೆರಳು ಕೆಳಗಿನಿಂದ ಮೇಲಕ್ಕೆ ಜಾರಿತು, ಸ್ವರವೂ ಜೊತೆಗೇ ಏರಿತು. ಮುಖ ಕಿವುಚಲಿಲ್ಲ. ಶ್ರುತಿ ಮಾತ್ರ ಅಲ್ಲಲ್ಲಿ ಎಡವುತ್ತಿತ್ತು.

"ನೋವು ಉಂಟಾ?"

"ಇಲ್ಲ ಅಕ್ಕ. ಇಲ್ಲ." ಎರಡು ಸಲ ಹೇಳಿದ.

"ಹಾಗಾದ್ರೆ ಅಭ್ಯಾಸ ಮಾಡು. ಮರದ ಬಣ್ಣ ದಿನ ಹೋದ ಹಾಗೆ ಕಪ್ಪಾಗ್ತದೆ, ಕೈಯ ಜಿಡ್ಡು ಕುಡಿತದೆ, ಹೆದರ್ಬೇಡ," ಎಂದು ಹೇಳಿ ಕಳಿಸಿದೆ. ಒಳ್ಳೆಯದಕ್ಕೆ ಹೇಳಿದ ಆ ಮಾತೇ ಮುಂದೆ ಕೈಕೊಟ್ಟಿತು.

ನವರಾತ್ರಿ ಕಳೆದು ಕೆಲವು ದಿನಗಳಾಗಿದ್ದವು. ಅವನು ಮೆಟ್ಟಿಲು ಹತ್ತಿ ಬಂದು ಎಡಗೈಯನ್ನು ಮೇಜಿನ ಮೇಲಿಟ್ಟ. ನಾಲ್ಕೂ ಬೆರಳ ತುದಿಗಳಲ್ಲಿ ನೀರು ತುಂಬಿದ ಗುಳ್ಳೆಗಳು. ಹೊಲಿಗೆ ಹಾಕಿದ ಎರಡು ಬೆರಳುಗಳಲ್ಲಿ ಚರ್ಮ ಸುಲಿದು ಕೆಂಪಾಗಿತ್ತು. ಬೀಟಿಯ ಪುಡಿ ಕೆಲವರ ಮೈಗೆ ಆಗುವುದಿಲ್ಲ, ತುರಿಕೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಹಟ ಹಿಡಿದು ಬರಿಯ ಮರ ಬಿಟ್ಟವಳು ನಾನು. ವಾಸಿಯಾಗುತ್ತಿದ್ದ ಕೈಯನ್ನು ನಾನೇ ಹಾಳು ಮಾಡಿದೆನೇ?

"ಮರ ನಿನ್ನ ಮೈಗೆ ಆಗುದಿಲ್ಲವಾ ಏನೋ," ಎಂದೆ.

"ಮೊದಲ ವಾರ ಎಂತ ಆಗ್ಲಿಲ್ಲ ಅಕ್ಕ. ಹಬ್ಬಕ್ಕೆ ಹೆಂಡತಿಯ ಮನೆಗೆ ಹೋದಾಗ ತಗೊಂಡು ಹೋಗಿದ್ದೆ. ಅಲ್ಲಿಂದ ಬಂದ ಮೇಲೆ ಶುರುವಾದದ್ದು."

ಬಾಸನ್ನು ಚೀಲದಿಂದ ತೆಗೆದೆ. ಬೋರ್ಡು ಕಪ್ಪಗೆ ಮಿರುಗುತ್ತಿತ್ತು. ಕಪ್ಪಾಗುತ್ತದೆ ಎಂದು ನಾನೇ ಹೇಳಿದ್ದರಿಂದ ಅವನಿಗೆ ಸಂಶಯ ಬಂದಿರಲಿಲ್ಲ. ಇಷ್ಟು ಬೇಗ ಬೀಟಿ ಇಷ್ಟು ಕಪ್ಪಾಗುವುದಿಲ್ಲ. ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಒರೆಸಿದೆ, ಕಂದು ಬಣ್ಣ ಎದ್ದು ಬಂತು. ಮೂಗಿನ ಹತ್ತಿರ ಹಿಡಿದೆ. ಹೊಗೆಯ ವಾಸನೆಯ ಕೆಳಗೆ ಇನ್ನೊಂದು ವಾಸನೆ. ನಮ್ಮ ಕಡೆಯಲ್ಲಿ ಹುಟ್ಟಿದ ಯಾರಿಗೂ ಅದನ್ನು ಪರಿಚಯಿಸಬೇಕಾಗಿಲ್ಲ. ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಕಪ್ಪೆಣ್ಣೆಯನ್ನು ಒರಲೆ, ಅಂದರೆ ಗೆದ್ದಲು, ಹಿಡಿಯದಂತೆ ಮಾಡಿನ ಪಕ್ಕಾಸು, ರೀಪು, ಬಾಗಿಲಿನ ದಾರಂದಗಳಿಗೆ ಬಳಿಯುತ್ತೇವೆ. ಮರಕ್ಕೆ ಅದು ಅಮೃತ, ಚರ್ಮಕ್ಕೆ ಬೆಂಕಿ.

"ಇದಕ್ಕೆ ಗೇರೆಣ್ಣೆ ಹಾಕಿದ್ದು ಯಾರು?"

ಅವನು ಮಾವನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದ.

"ಮಾವ, ಗಿಟಾರಿಗೆ ನೀವು ಎಂತಾದ್ರೂ ಹಚ್ಚಿದ್ದೀರಾ?"

"ಹೌದು ಹೌದು!" ಆ ಕಡೆಯ ಧ್ವನಿಯಲ್ಲಿ ಎಷ್ಟು ಸಂತೋಷ. "ಆ ಅಕ್ಕ ಪಾಪ, ಎಲ್ಲ ಕಡೆ ಪಾಲಿಷ್ ಮಾಡಿ ಆ ಪಟ್ಟಿಗೆ ಮಾತ್ರ ಮರೆತು ಬಿಟ್ಟಿದ್ರು. ಒರಲೆ ಹಿಡಿದ್ರೆ ಎಂತ ಮಾಡುದು? ನೀನು ಕಡಬ ಪೇಟೆಗೆ ಹೋದಾಗ ಗೇರೆಣ್ಣೆ ಎರಡು ಕೋಟು ಹಾಕಿ, ಒರೆಸಿ, ಹೊಗೆಮನೆಯ ಬಿಸಿಗೆ ಒಣಗಿಸಿ ಇಟ್ಟೆ. ಚಂದ ಆಗಿದೆಯಲ್ಲ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಜೀವ ಬಂದ ಹಾಗಾಯಿತು. ಮರದ ತಪ್ಪಲ್ಲ! ಆಮೇಲೆ ನಗು ಬಂತು. ಅವನ ಬೆರಳು ನೋಡಿದ ಕೂಡಲೇ ನಗು ಅಡಗಿತು. ಅಭ್ಯಾಸಕ್ಕೆ ಉಳಿದದ್ದೇ ಸ್ವಲ್ಪ ಸಮಯ. ಗುಳ್ಳೆ ಮಾಗುವವರೆಗೆ ತಂತಿ ಮುಟ್ಟುವ ಹಾಗಿಲ್ಲ ಎಂದು ಡಾಕ್ಟರು ಮುಲಾಮು ಕೊಟ್ಟು ಕಳಿಸಿದರು.

ಮರುದಿನ ಬೆಳಗ್ಗೆ ನಾನು ಬಾಗಿಲು ತೆಗೆಯುವಾಗ ಮಾವ ಮೆಟ್ಟಿಲಲ್ಲಿ ಕೂತಿದ್ದರು. ಮೊದಲ ಬಸ್ಸಿಗೇ ಹೊರಟು ಬಂದಿದ್ದರು. ಪಕ್ಕದಲ್ಲಿ ಮಂಚದ ಇನ್ನೊಂದು ಪಟ್ಟಿ.

"ಮನೆಯ ಮರಕ್ಕೆಲ್ಲ ನಾವು ಹಾಕುದು ಅದನ್ನೇ ಅಲ್ವಾ ಅಕ್ಕ. ಮರ ಅಂತ ಮಾತ್ರ ನೋಡಿದೆ. ಅದರ ಮೇಲೆ ಬೆರಳು ಓಡ್ತದೆ ಅಂತ ತಲೆಗೇ ಹೋಗ್ಲಿಲ್ಲ. ಇದರಲ್ಲಿ ಹೊಸದು ಮಾಡಿ," ಎಂದರು. ಅವರ ಕಣ್ಣು ಕೆಂಪಾಗಿತ್ತು.

ಹೊಸದು ಮಾಡುವುದೇ ಸರಿಯಾದ ದಾರಿ ಎಂದು ಮೇಲ್ನೋಟಕ್ಕೆ ಯಾರಿಗಾದರೂ ಅನಿಸುತ್ತದೆ. ಆದರೆ ಅಂಟಿಸಿದ ಬೋರ್ಡು ಎಬ್ಬಿಸಲು ಮತ್ತೆ ಇಸ್ತ್ರಿ ಪೆಟ್ಟಿಗೆ ಇಡಬೇಕು. ಒಮ್ಮೆ ತಿರುಚಿಕೊಂಡ ಕತ್ತು ಇನ್ನೊಮ್ಮೆ ತಿರುಚಿದರೆ ನೆಟ್ಟಗಾಗುವ ಭರವಸೆ ಇಲ್ಲ. ಗೇರೆಣ್ಣೆ ಕಾದರೆ ಅದರ ಹೊಗೆ ಕಣ್ಣಿಗೆ, ಗಂಟಲಿಗೆ ಬೇರೆ. ಇನ್ನೊಂದು ದಾರಿ ಕೆರೆಯುವುದು. ಬೀಟಿಯ ಮೈ ಬಿಗಿ, ಎಣ್ಣೆ ತುಂಬಾ ಒಳಗೆ ಇಳಿದಿರಲಾರದು. ಎಷ್ಟು ಇಳಿದಿದೆ ಎಂದು ಕಣ್ಣಿಗೆ ಕಾಣುವುದಿಲ್ಲ ಎಂಬುದೇ ಕಷ್ಟ. ಸ್ವಲ್ಪ ಉಳಿದರೂ ಅವನ ಬೆರಳು ಮತ್ತೆ ಸುಡುತ್ತದೆ, ಆಮೇಲೆ ಅವನು ಬಾಸನ್ನು ಮುಟ್ಟುವುದಿಲ್ಲ. ಇಡೀ ಬೆಳಗ್ಗೆ ಬಾಸನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಕೊನೆಗೆ ಕೆರೆಯುವುದೆಂದು ನಿಶ್ಚಯಿಸಿದೆ.

ಕೈಗೆ ದಪ್ಪಗೆ ತೆಂಗಿನೆಣ್ಣೆ, ಅದರ ಮೇಲೆ ಗ್ಲೌಸು, ಮೂಗಿಗೆ ಬಟ್ಟೆ. ಸ್ಯಾಂಡ್ ಪೇಪರ್ ಉಜ್ಜಿದರೆ ಪುಡಿ ಹಾರಿ ಮೈಗೆಲ್ಲ ತಾಗುತ್ತದೆ, ಅದಕ್ಕೆ ಉಕ್ಕಿನ ತಗಡಿನ ಅಂಚಿನಿಂದ ಎಳೆದು ಎಳೆದು ಸುರುಳಿ ತೆಗೆದೆ. ಒಂದು ಪದರ ಕೆರೆಯುವುದು, ಟರ್ಪೆಂಟೈನಿನಿಂದ ಒರೆಸುವುದು, ಬಿಳಿ ಬಟ್ಟೆ ನೋಡುವುದು. ಬಟ್ಟೆಗೆ ಬಣ್ಣ ಹಿಡಿದರೆ ಇನ್ನೊಂದು ಪದರ. ಮಾವ ಹೋಗದೆ ಬೆಂಚಿನಲ್ಲಿ ಕೂತೇ ಇದ್ದರು.

ಬಟ್ಟೆ ಬೆಳ್ಳಗೆ ಉಳಿಯುವ ಹೊತ್ತಿಗೆ, "ಈಗ ಹೋಗಿರ್ಬಹುದು. ಆದ್ರೆ ಖಾತ್ರಿ ಹೇಗೆ ಮಾಡುದು?" ಎಂದು ನನ್ನಷ್ಟಕ್ಕೇ ಹೇಳಿಕೊಂಡೆ.

"ನನ್ನ ಕೈಗೆ ಕಟ್ಟಿ ನೋಡಿ," ಎಂದರು ಮಾವ.

"ನಿಮ್ಮ ಕೈಗೆ ಗೇರೆಣ್ಣೆ ಎಂತ ಮಾಡ್ತದೆ ಅಣ್ಣ? ಅದು ಟ್ಯಾಪಿಂಗ್ ಮಾಡಿ ಮಾಡಿ ಮರದ ಹಾಗೆ ಆಗಿದೆ."

ಅವರು ಅಂಗಿಯ ತೋಳು ಮಡಚಿ ಮೊಣಕೈಯ ಒಳಮೈ ತೋರಿಸಿದರು. ಅಲ್ಲಿ ಚರ್ಮ ಮಗುವಿನದ್ದರ ಹಾಗೆ ಮೆತ್ತಗಿತ್ತು. "ಇಲ್ಲಿ ಕಟ್ಟಿ. ಕೊನೆಗೆ ಕೆರೆದ ಸುರುಳಿ ಉಂಟಲ್ಲ, ಅದನ್ನು ಇಟ್ಟು ಕಟ್ಟಿ."

ನಾನು ಬೇಡವೆಂದೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದೆ.

"ಅಕ್ಕ, ಅವನ ಕೈಗೆ ಆದದ್ದು ನನ್ನಿಂದ. ಇನ್ನೊಮ್ಮೆ ಆಗುದಾದ್ರೆ ಮೊದಲು ನನಗೆ ಆಗ್ಲಿ."

ಕೊನೆಯ ಪದರದ ಸುರುಳಿಗಳನ್ನು ಹತ್ತಿಯಲ್ಲಿಟ್ಟು, ಅವರ ತೋಳಿಗೆ ಬ್ಯಾಂಡೇಜು ಸುತ್ತಿದೆ. ಕಟ್ಟಿಕೊಂಡು ಕಡಬದ ಬಸ್ಸು ಹತ್ತಿದರು. ಎರಡು ದಿನ ಬಿಟ್ಟು ಫೋನು ಬಂತು. ಲಾಟರಿ ಹೊಡೆದವರ ಹಾಗೆ ಉತ್ಸಾಹ. "ಅಕ್ಕ, ಗುಳ್ಳೆ ಬಂತು! ಇನ್ನೂ ಉಂಟು. ಕೆರೆಯಿರಿ!"

ಮತ್ತೆ ಕೆರೆದೆ. ಅಂಚಿನ ಬಿಳಿ ಚುಕ್ಕೆಗಳ ಹತ್ತಿರ ಬರುವವರೆಗೆ ಕೆರೆದೆ. ಇನ್ನು ಮುಂದೆ ಹೋದರೆ ಚುಕ್ಕೆಗಳೇ ಕಿತ್ತು ಬರುತ್ತವೆ ಎಂಬಲ್ಲಿ ನಿಲ್ಲಿಸಿದೆ. ಮಾವ ಮತ್ತೆ ಬಂದು, ಈ ಸಲ ಇನ್ನೊಂದು ತೋಳು ಚಾಚಿದರು. ಫೋನು ಬರಲಿಲ್ಲ. ನಾನೇ ಮಾಡಿದೆ.

"ಎಂತ ಆಯ್ತು ಅಣ್ಣ?"

"ಎಂತ ಇಲ್ಲ ಅಕ್ಕ. ತುರಿಕೆ ಸಹ ಇಲ್ಲ. ಆದ್ರೂ ಬಿಚ್ಚಲಿಲ್ಲ, ಇನ್ನೊಂದು ದಿನ ಇರ್ಲಿ ಅಂತ."

ಫೋನಿಟ್ಟು ನಾನು ಅತ್ತುಬಿಟ್ಟೆ. ಯಾಕೆಂದು ಕೇಳಿದರೆ ಈಗಲೂ ಸರಿಯಾಗಿ ಹೇಳಲಾರೆ. ನನ್ನ ಬಳಿ ಅಳತೆಯ ಉಪಕರಣಗಳು ಬೇಕಾದಷ್ಟಿವೆ, ಶ್ರುತಿ ನೋಡುವ ಯಂತ್ರವಿದೆ. ಆ ದಿನ ಬೇಕಾದ ಖಾತ್ರಿಯನ್ನು ಕೊಟ್ಟದ್ದು ಆ ಮನುಷ್ಯನ ಮೊಣಕೈ. ಅವರಿಗೆ ನಾನು ಈ ಜನ್ಮದಲ್ಲಿ ಋಣಿ.

ಬೋರ್ಡು ಈಗ ತೆಳ್ಳಗಾಗಿತ್ತು. ತಂತಿಯ ಎಳೆತಕ್ಕೆ ಕತ್ತು ಸ್ವಲ್ಪ ಬಾಗಿತು. ಒಳಗಿನ ಕಬ್ಬಿಣದ ಸರಳನ್ನು ಬಿಗಿದು, ತಂತಿಯ ಎತ್ತರ ಇಳಿಸಿ, ಎರಡು ದಿನ ಹಾಗೇ ಬಿಟ್ಟು, ಮತ್ತೆ ಬಿಗಿದೆ. ಹೊಸ ಚರ್ಮ ಬಂದ ಬೆರಳುಗಳೊಂದಿಗೆ ಅವನು ಬಂದ. ಬಾಸನ್ನು ತೊಡೆಯ ಮೇಲಿಟ್ಟು, ಕತ್ತನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದ.

"ಅಕ್ಕ, ಇದು ಮೊದಲಿಗಿಂತ ಸಪೂರ ಆಗಿದೆ. ಕೈಗೆ ಸಿಕ್ತದೆ."

ಕತ್ತು ಸಪೂರವಾದ್ದರಿಂದ ಬೆರಳುಗಳು ಅಷ್ಟು ಚಾಚಬೇಕಾಗಿರಲಿಲ್ಲ, ಒತ್ತಲು ಹೆಬ್ಬೆರಳಿನ ಆಸರೆಯೂ ಚೆನ್ನಾಗಿ ಸಿಗುತ್ತಿತ್ತು. ಸ್ವರವೂ ಬದಲಾಯಿತೇ? ಸ್ವಲ್ಪ ಹೆಚ್ಚು ಗುಂಯ್‌ಗುಟ್ಟಿತು ಎಂದು ನನಗೆ ಅನಿಸಿತು. ಗೋಡೆಗೆ ಮುಖ ಮಾಡಿ ಕೂತು ಹಲಸು ಯಾವುದು ಬೀಟಿ ಯಾವುದು ಎಂದು ತಿಳಿಯದ ಕಿವಿ ನನ್ನದು, ಆದ್ದರಿಂದ 'ಅನಿಸಿತು' ಎಂದಷ್ಟೇ ಬರೆಯುತ್ತೇನೆ. ಫ್ರೆಟ್ಟು ಇರುವ ಗಿಟಾರಿನಲ್ಲಿ ಮರವನ್ನು ತಿಳಿಯುವುದು ಹೆಚ್ಚಾಗಿ ಕೈ. ಫ್ರೆಟ್ಟು ಇಲ್ಲದ್ದರಲ್ಲಿ ಕಿವಿಯೂ ತಿಳಿಯುತ್ತದೆ. ಬಂದವರಿಗೆ ಈಗ ಇಷ್ಟನ್ನು ಹೇಳುತ್ತೇನೆ, ಅದೂ ಅವರ ತಂತಿ ಹೊಸದಾಗಿದ್ದರೆ.

ಉಳಿದ ವಾರಗಳಲ್ಲಿ ಅವನು ಬೇಕರಿಯ ಕೆಲಸ ಮುಗಿಸಿ ದಿನವೂ ಶ್ರುತಿಪೆಟ್ಟಿಗೆ ಹಾಕಿಕೊಂಡು ಅಭ್ಯಾಸಕ್ಕೆ ಕೂತ. ಒಂದು ಸ್ವರ ಹಿಡಿಯುವುದು, ಶ್ರುತಿಯೊಂದಿಗೆ ಬೆರೆಯುವವರೆಗೆ ಬೆರಳು ಅತ್ತಿತ್ತ ಹೊರಳಿಸುವುದು, ಬಿಡುವುದು, ಮತ್ತೆ ಕಣ್ಣುಮುಚ್ಚಿ ಅದೇ ಜಾಗ ಹಿಡಿಯುವುದು. ಫೋನಿನಲ್ಲಿ ನನಗೂ ಕೇಳಿಸುತ್ತಿದ್ದ. ಕೆಲವು ದಿನ ಸರಿ ಬರುತ್ತಿತ್ತು, ಕೆಲವು ದಿನ ಅಳು ಬರುವಷ್ಟು ತಪ್ಪುತ್ತಿತ್ತು.

ಬೆಳ್ಳಾರೆಯ ಆ ಶಾಲೆಯ ಮೈದಾನಕ್ಕೆ ನಾನೂ ಹೋದೆ. ಮಾವ ಕಡಬದಿಂದ ಮೊದಲೇ ಬಂದು ಪ್ಲಾಸ್ಟಿಕ್ ಕುರ್ಚಿಯೊಂದನ್ನು ನನಗಾಗಿ ಹಿಡಿದಿಟ್ಟಿದ್ದರು. ಮಕ್ಕಳ ನೃತ್ಯಗಳು ಮುಗಿದು, ಬಹುಮಾನ ಹಂಚಿ ಆಗಿ, ತಂಡ ವೇದಿಕೆಗೆ ಬಂತು. ಗಾಯಕಿ ಮೈಕು ಹಿಡಿಯುವ ಮೊದಲು ಕೀಬೋರ್ಡಿನವರ ಕಿವಿಯಲ್ಲಿ ಏನೋ ಹೇಳಿದರು. ಏನೆಂದು ಹಾಡು ಶುರುವಾದಾಗ ತಿಳಿಯಿತು. ಕೀಬೋರ್ಡಿನವರು ಬಲಗೈಯಲ್ಲಿ ಹಾಡಿನ ಸ್ವರ ಹಿಡಿದು, ಎಡಗೈಯಲ್ಲಿ ಬಾಸಿನ ಭಾಗವನ್ನೂ ಮೆಲ್ಲಗೆ ಬಾರಿಸುತ್ತಿದ್ದರು. ಇವನು ತಪ್ಪಿದರೆ ಹಾಡು ಬೀಳಬಾರದಲ್ಲ. ಗಾಯಕಿಯ ಮೇಲೆ ನನಗೆ ಬೇಸರವಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಇವನು ಹಿಂದೆ ಡ್ರಮ್ಮಿನ ಪಕ್ಕ ನಿಂತಿದ್ದ. ಕಣ್ಣು ಮುಚ್ಚಿದ್ದ. ಪಲ್ಲವಿ ಕಳೆಯಿತು. ಚರಣಕ್ಕೆ ಹೋಗುವಲ್ಲಿ ಗಾಯಕಿ ಒಂದು ಸ್ವರದಿಂದ ಇನ್ನೊಂದಕ್ಕೆ ನಿಧಾನವಾಗಿ ಇಳಿದರು. ಬೀಟಿಯ ಮೇಲೆ ಅವನ ಬೆರಳೂ ಅವರ ಜೊತೆಯೇ ಇಳಿಯಿತು. ಎರಡೂ ಕೈ ಕೀಲಿಗಳ ಮೇಲಿರುವಾಗ ಕೀಬೋರ್ಡಿನಲ್ಲಿ ಹಾಗೆ ಜಾರಲು ಬರುವುದಿಲ್ಲ. ಗಾಯಕಿ ಹಾಡುತ್ತಲೇ ಒಮ್ಮೆ ತಿರುಗಿ ಅವನನ್ನು ನೋಡಿದರು, ಆಮೇಲೆ ಕೀಬೋರ್ಡಿನವರನ್ನು ನೋಡಿ ಇನ್ನು ಸಾಕು ಎಂಬಂತೆ ತಲೆ ಆಡಿಸಿದರು. ಅವರು ಎಡಗೈಯನ್ನು ಕೀಬೋರ್ಡಿನಿಂದ ಎತ್ತಿದರು. ಬಲಗೈ ನುಡಿಸುತ್ತಿದ್ದಂತೆಯೇ ಎಡಗೈಯಿಂದ ಪಕ್ಕದಲ್ಲಿದ್ದ ನೀರಿನ ಬಾಟಲಿ ತೆಗೆದು ಆರಾಮಾಗಿ ಕುಡಿದರು.

ಮಾವ ನನ್ನ ಕಡೆ ಬಾಗಿದರು. "ಅಕ್ಕ, ಎಲ್ಲ ಒಟ್ಟಿಗೆ ಕೇಳ್ತದೆ. ಇದರಲ್ಲಿ ಅವನದ್ದು ಯಾವುದು?"

"ಈಗ ಕೆಳಗಿಂದ ದಪ್ಪಕ್ಕೆ ಬರ್ತಾ ಉಂಟಲ್ಲ, ಎದೆಗೆ ತಾಗ್ತದಲ್ಲ, ಅದು. ಅದನ್ನು ಬಾರಿಸುದು ಈಗ ಅವನೊಬ್ಬನೇ."

ಅವರು ಎದೆಯ ಮೇಲೆ ಅಂಗೈ ಇಟ್ಟು ನೋಡಿದರು.

"ಒಬ್ಬನೇಯಾ?"

"ಒಬ್ಬನೇ ಅಣ್ಣ," ಎಂದೆ.